ಬೋರ್ಡ್ ಹಾಕದೇ ಬಿಟ್ಟ ಜಾಗಗಳು: ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನ ಪ್ರಕರಣ

ಇದು ನಮ್ಮ ಸ್ಟುಡಿಯೋ ಮಾಡಿದ ಒಂದು ಕೆಲಸದ ಪ್ರಕರಣ. ಪೋಡು ಅಂದ್ರೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಊರು. ಆ ಪೋಡಿನ ಹೆಸರು ಹೇಳಲ್ಲ, ದುಡ್ಡು ಕೊಟ್ಟ ಕಂಪನಿ, ಮಧ್ಯೆ ಇದ್ದ ಸಂಸ್ಥೆ, ಅಲ್ಲಿನ ಜನ, ಯಾರ ಹೆಸರೂ ಬರಲ್ಲ, ಗುರುತು ಸಿಗೋ ಕೆಲವು ವಿವರಗಳನ್ನ ಬೇಕಂತಲೇ ಬದಲಾಯಿಸಿದೀನಿ. ಬರೆದ ಮೇಲೆ ಪೋಡಿನ ಯಜಮಾನ್ರ ಮುಂದೆ ಕೂತು ಪೂರ್ತಿ ಓದಿ ಹೇಳ್ದೆ, ಎರಡು ಕಡೆ ತೆಗೀರಿ ಅಂದ್ರು, ತೆಗೆದಿದೀನಿ. ಆದಿವಾಸಿ ಊರುಗಳಲ್ಲಿ ಕಟ್ಟಡ, ಬೋರ್ಡು, ಲೋಗೋ, ಮ್ಯೂಸಿಯಂ ಅಂತ ಕೆಲಸ ತಗೊಳೋ ನನ್ನಂಥ ಡಿಸೈನರುಗಳಿಗೆ ಉಪಯೋಗಕ್ಕೆ ಬರಲಿ ಅಂತ ಬರೀತಿದೀನಿ.

ಹಿನ್ನೆಲೆ

ಬಿಳಿಗಿರಿರಂಗನ ಬೆಟ್ಟ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಬಿಳಿ ಬಂಡೆ ಮೇಲಿನ ರಂಗನಾಥನ ಗುಡಿ, ಇಲ್ಲಾಂದ್ರೆ ಸಫಾರಿ. ಸೋಲಿಗರಿಗೆ ಅದೇ ರಂಗನಾಥ ಭಾವ ಆಗ್ಬೇಕು, ತಮ್ಮ ಹೆಣ್ಣು ಮಗಳು ಕುಸುಮಾಲೆನ ಮದ್ವೆ ಆದವನು ಅಂತ. ಭಾರ್ಗವಿ ಹೊಳೆ ದಡದಲ್ಲಿರೋ ದೊಡ್ಡ ಸಂಪಿಗೆ ಅವರಿಗೆ ದೇವರು ಇರೋ ಮರ. ಇಡೀ ಕಾಡನ್ನ ಅವರು ಯೆಲ್ಲೆಗಳಾಗಿ ನೋಡ್ತಾರೆ, ಒಂದೊಂದು ಯೆಲ್ಲೆ ಒಂದೊಂದು ಕುಲದ್ದು, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಜಾಗಗಳಿರ್ತವೆ. ಕಲ್ಲುಗುಡಿ ಅಂದ್ರೆ ತೀರಿಕೊಂಡ ಹಿರಿಯರ ಕಲ್ಲುಗಳಿರೋ ಜಾಗ, ಅಬ್ಬಿ ಅಂದ್ರೆ ನೀರಿನ ಸೆಲೆ. ಹೊರಗಿನವರ ಕಣ್ಣಿಗೆ ಇದ್ಯಾವುದೂ ಕಾಣಲ್ಲ, ಲಾಂಟಾನ ಪೊದೆ ಮಧ್ಯೆ ನಾಲ್ಕು ಕಲ್ಲು ಕಾಣುತ್ತೆ ಅಷ್ಟೇ.

1974ರಲ್ಲಿ ಇಲ್ಲಿ ವನ್ಯಜೀವಿಧಾಮ ಆಯ್ತು. ಕಾಡೊಳಗಿದ್ದ ಎಷ್ಟೋ ಪೋಡುಗಳು ರಸ್ತೆ ಕಡೆಗೆ ಬಂದ್ವು, ಜಾಗ ಬದಲಿಸ್ತಾ ಮಾಡ್ತಿದ್ದ ಬೇಸಾಯ ನಿಂತುಹೋಯ್ತು, ತರಗುಬೆಂಕಿನೂ ನಿಂತುಹೋಯ್ತು. ತರಗುಬೆಂಕಿ ಅಂದ್ರೆ ಬೇಸಿಗೆ ಜೋರಾಗೋಕೆ ಮುಂಚೆ ನೆಲದ ಒಣ ಎಲೆಗೆ ಕೊಡ್ತಿದ್ದ ಸಣ್ಣ ಬೆಂಕಿ, ಅದು ನಿಂತಿದ್ದಕ್ಕೇ ಲಾಂಟಾನ ಈ ಪಾಟಿ ತುಂಬ್ಕೊಂತು, ನೆಲ್ಲಿ ಮರಕ್ಕೆ ಉಪ್ಪಿಲು, ಅಂದ್ರೆ ಬಂದಳಿಕೆ, ಹತ್ಕೊಂತು ಅಂತ ಹಿರಿಯರು ಇವತ್ತಿಗೂ ಹೇಳ್ತಾರೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆ ಅಡಿ 25 ಪೋಡುಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಪತ್ರ, ಅಂದ್ರೆ ಕಾಡಿನ ಮೇಲೆ ಊರಿಗೆಲ್ಲ ಒಟ್ಟಾಗಿ ಇರೋ ಹಕ್ಕಿನ ಕಾಗದ, ಸಿಕ್ತು. ಹುಲಿ ಕಾಡಿನ ಒಳಗೇ ಇದ್ದುಕೊಂಡು ಇಂಥ ಹಕ್ಕು ಪಡೆದಿದ್ದು ದೇಶಕ್ಕೇ ದೊಡ್ಡ ಸುದ್ದಿ. ನಾವು ಕೆಲಸ ಮಾಡಿದ ಪೋಡಿನ ಹತ್ರನೂ ಹಕ್ಕು ಪತ್ರ ಇದೆ. ಅದು ಎಲ್ಲಿತ್ತು ಅನ್ನೋದು ಆಮೇಲೆ ಬರುತ್ತೆ.

ನಮ್ಮದು ಮೈಸೂರಿನ ನಾಲ್ಕು ಜನರ ಸಣ್ಣ ಸ್ಟುಡಿಯೋ. ಒಂದು ಕಂಪನಿಯ ಸಿಎಸ್‌ಆರ್ ದುಡ್ಡು, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡೋ ದುಡ್ಡು, ಒಂದು ಸ್ವಯಂಸೇವಾ ಸಂಸ್ಥೆ ಮೂಲಕ ನಮಗೆ ಕೆಲಸ ಬಂತು. ಬ್ರೀಫಲ್ಲಿ, ಅಂದ್ರೆ ಏನೇನು ಮಾಡ್ಬೇಕು ಅಂತ ನಮಗೆ ಕೊಟ್ಟ ಕಾಗದದಲ್ಲಿ, ಮೂರು ಇತ್ತು: ಒಂದು "ಬುಡಕಟ್ಟು ಸಂಸ್ಕೃತಿ ಕೇಂದ್ರ", ಅಲ್ಲಿಂದ ಶುರುವಾಗಿ ಪವಿತ್ರ ಜಾಗಗಳನ್ನ ತೋರಿಸೋ ಒಂದು ನಡೆಯೋ ದಾರಿ ಬೋರ್ಡು ಸಮೇತ, ಮತ್ತೆ ಜೇನು ಗೀನು ಮಾರೋಕೆ ಒಂದು ಲೋಗೋ. ಓದಿದಾಗ ನನಗೆ ನಿಜವಾಗ್ಲೂ ಖುಷಿ ಆಗಿತ್ತು. ಇಂಥ ಕೆಲಸ ಮಾಡೋಕೇ ಅಲ್ವಾ ಸ್ಟುಡಿಯೋ ತೆಗೆದಿದ್ದು ಅನ್ನಿಸ್ತು.

ಎಲ್ಲಿ ಎಡವಿದ್ವಿ

ಎರಡು ದಿನ ಹೋಗಿ ಇದ್ದು ಬಂದ್ವಿ. ಫೋಟೋ ತೆಗೆದ್ವಿ, ಇಬ್ಬರು ಹಿರಿಯರ ಹತ್ರ ಮಾತಾಡಿದ್ವಿ, ಯೆಲ್ಲೆ ಬಗ್ಗೆ ಓದ್ಕೊಂಡ್ವಿ, ಮೂರು ವಾರದಲ್ಲಿ ಡ್ರಾಯಿಂಗ್ ರೆಡಿ. ದುಂಡಗಿನ ಕಟ್ಟಡ, ಹುಲ್ಲಿನ ಮಾಡು, ಕೆಮ್ಮಣ್ಣು ಬಣ್ಣದ ಗೋಡೆ ಮೇಲೆ ಬಿಳೀ ಗೆರೆಯಲ್ಲಿ ಕುಣಿಯೋ ಮನುಷ್ಯರ ಚಿತ್ರ. ಸಭೆಯಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸ್ತಿದ್ದಾಗ ಹಿಂದೆ ನಿಂತಿದ್ದ ಒಬ್ಬ ಹುಡುಗ, ಡಿಗ್ರಿ ಓದ್ತಿದ್ದವನು, ಮೆಲ್ಲಗೆ ಕೇಳ್ದ: "ಸಾರ್, ಈ ಚಿತ್ರ ಯಾರ್ದು?"

ಅದು ವಾರ್ಲಿ. ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ವಾರ್ಲಿ ಜನರ ಚಿತ್ರಕಲೆ, ಅವರ ಮದ್ವೆ ಮನೆ ಗೋಡೆಯದ್ದು. ಸೋಲಿಗರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಮ್ಮ ರಾಜ್ಯದಲ್ಲಿ ಅಂಗನವಾಡಿ, ಹಾಸ್ಟೆಲ್, ಬಸ್ ಸ್ಟ್ಯಾಂಡು, ರೆಸಾರ್ಟು ಎಲ್ಲಾ ಕಡೆ "ಬುಡಕಟ್ಟು" ಅಂದ್ರೆ ಅದನ್ನೇ ಬಳೀತಾರೆ, ನೋಡಿ ನೋಡಿ ನಮ್ಮ ಕಣ್ಣಿಗೂ ಅದು ಎಲ್ಲಾ ಆದಿವಾಸಿಗಳದ್ದೂ ಅಂತ ಕೂತುಬಿಟ್ಟಿತ್ತು. ಒಂದೇ ಗೋಡೆಯಲ್ಲಿ ಎರಡು ಸಮುದಾಯಕ್ಕೆ ಅನ್ಯಾಯ ಮಾಡಿದ್ವಿ, ವಾರ್ಲಿಗಳನ್ನ ಕೇಳದೇ ಅವರ ಚಿತ್ರ ತಗೊಂಡ್ವಿ, ಸೋಲಿಗರನ್ನ ಕೇಳದೇ ಅದನ್ನ ಅವರ ಮೈಮೇಲೆ ಹಾಕಿದ್ವಿ. ಆ ಹುಡುಗನಿಗೆ ತಪ್ಪಾಯ್ತು ಅಂತ ಅಲ್ಲೇ ಹೇಳ್ದೆ, ಚಿತ್ರ ತೆಗೀತೀವಿ ಅಂದೆ. ಅಲ್ಲಿಗೆ ಸರಿಹೋಯ್ತು ಅಂದ್ಕೊಂಡು ಮುಂದಿನ ಸ್ಲೈಡಿಗೆ ಹೋದೆ, ಇನ್ನೂ ದೊಡ್ಡ ತಪ್ಪು ಇದ್ದಿದ್ದು ಆ ಸ್ಲೈಡಲ್ಲಿ.

ಅದು ದಾರಿಯ ನಕ್ಷೆ. ಒಂದು ಅಬ್ಬಿ, ಒಂದು ವೀರು, ಒಂದು ಕಲ್ಲುಗುಡಿ, ಒಂದು ಮಾರಮ್ಮ, ಪ್ರತಿ ಕಡೆ ಕಲ್ಲಿನ ಬೋರ್ಡು, ಬೋರ್ಡಲ್ಲಿ ಕಥೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಹಾಡು ಕೇಳುತ್ತೆ. ತೋರಿಸಿದೆ. ಸಭೆ ಪೂರ್ತಿ ಸುಮ್ನಿತ್ತು. ಹೇಗಿದೆ ಅಂತ ಕೇಳಿದ್ದಕ್ಕೆ ಯಜಮಾನ್ರು "ಆಯ್ತು ಸಾ" ಅಂದ್ರು. ನಾವು ಟೀ ಕುಡಿದು ಹೊರಟ್ವಿ, ಮಿನಿಟ್ಸಲ್ಲಿ "ಸಮುದಾಯದ ಒಪ್ಪಿಗೆ ಪಡೆಯಲಾಗಿದೆ" ಅಂತ ಬರೆದ್ವಿ. ಆ ಸಾಲು ಬರೆದಿದ್ದು ನಾನೇ. ಮನೆಗೆ ಬಂದ ಅತಿಥಿ ಮುಂದೆ ಬೇಡ ಅಂತ ಹೇಳೋದು ಅವರಲ್ಲಿ ಇಲ್ಲ, ಅದರಲ್ಲೂ ಅಕ್ಕಿ, ರಸ್ತೆ, ಕರೆಂಟು ಅಂತ ಹೊರಗಿನವರನ್ನೇ ನೆಚ್ಚಬೇಕಾದ ಜಾಗದಲ್ಲಿ ದುಡ್ಡು ತಂದವರ ಮುಂದೆ "ಆಯ್ತು" ಅನ್ನೋ ಮಾತಿಗೆ ಹತ್ತು ಅರ್ಥ ಇರುತ್ತೆ. ಇದು ನನಗೆ ಗೊತ್ತಿರಬೇಕಿತ್ತು.

ಒಂದು ವಾರ ಬಿಟ್ಟು ಅದೇ ಹುಡುಗ ಫೋನ್ ಮಾಡ್ದ. "ಸಾರ್, ಅಜ್ಜ ಊಟ ಬಿಟ್ಟವ್ರೆ. ಒಂದ್ಸಲ ಬಂದೋಗಿ."

ಅಜ್ಜ ಕರ್ಕೊಂಡು ಹೋದ ದಿನ

ನಾನೊಬ್ಬನೇ ಹೋದೆ. ಅಜ್ಜ ಅಲ್ಲಿನ ತಮ್ಮಡಿ, ಪೂಜೆ ಮಾಡೋರು, ನಮ್ಮ ಮೊದಲ ಭೇಟಿಯಲ್ಲಿ ಎರಡು ದಿನವೂ ನಮ್ಮ ಜೊತೆ ಓಡಾಡಿ ಜಾಗ ತೋರಿಸಿದ್ದೇ ಅವರು. ಕೋಪ ಮಾಡ್ಕೋತಾರೆ ಅಂದ್ಕೊಂಡಿದ್ದೆ, ಮಾಡ್ಲಿಲ್ಲ. "ಬಾ ಮಗ" ಅಂತ ಕರೆದು ಕೈಗೊಂದು ಕೋಲು ಕೊಟ್ಟು ಮುಂದೆ ಹೊರಟ್ರು. ಬೆಳಗಿನ ಹೊತ್ತು, ಹುಲ್ಲಲ್ಲಿ ಇನ್ನೂ ಇಬ್ಬನಿ, ಅಲ್ಲಲ್ಲಿ ನಿಂತು ಆನೆ ಲದ್ದಿನ ಕಾಲ ಬೆರಳಲ್ಲಿ ಒತ್ತಿ ನೋಡೋರು, ಹಳೇದು ಅಂತ ಗೊತ್ತಾದ್ಮೇಲೆ ಮುಂದಕ್ಕೆ.

ಕಲ್ಲುಗುಡಿಗೆ ಇನ್ನೂ ಮೂವತ್ತು ಹೆಜ್ಜೆ ಇರೋವಾಗ ನಿಂತ್ರು. ಚಪ್ಪಲಿ ಬಿಡು ಅಂದ್ರು, ಬಿಟ್ಟೆ. ಫೋನ್ ಚೀಲಕ್ಕೆ ಹಾಕು ಅಂದ್ರು, ಹಾಕಿದೆ. ಆಮೇಲೆ ಹೋಗ್ಲಿಲ್ಲ, ಅಲ್ಲೇ ಕೂತ್ರು. ಮೊದಲ ಸಲ ಬಂದಾಗ ನಾವು ಆ ಕಲ್ಲುಗಳ ಪಕ್ಕದಲ್ಲೇ ನಿಂತು ಅಳತೆ ಟೇಪು ಹಿಡಿದಿದ್ವಿ, ಆಗ್ಯಾಕೆ ಏನೂ ಹೇಳ್ಲಿಲ್ಲ ಅಜ್ಜ ಅಂತ ಕೇಳ್ದೆ.

"ಆಗ ನಾನಿದ್ನಲ್ಲ ಜತೇಲಿ. ನಾನು ಅವ್ರತ್ರ ಹೇಳ್ಕೊಂಡಿದ್ದೆ, ಇವ್ರು ಬಂದವ್ರೆ, ಗೊತ್ತಿಲ್ದೋರು, ಏನೂ ಅನ್ಕೋಬ್ಯಾಡಿ ಅಂತ. ನಾಳೆ ಯಾರ್ಯಾರೋ ಬತ್ತಾರೆ, ನಾನಿರಾಕಿಲ್ಲ, ನಿನ್ ಬೋರ್ಡಿರ್ತದೆ. ಬೋರ್ಡು ಎಲ್ರಿಗೂ ಬಾ ಅಂತದೆ ಕಣ್ ಮಗ. ಬ್ಯಾಡ ಅನ್ನಾಕೆ ಅದಕ್ಕೆ ಬಾಯಿಲ್ಲ."

ಇಡೀ ಪ್ರಾಜೆಕ್ಟ್ ಮಗುಚಿದ್ದು ಈ ಮಾತಿಂದ. ಸೈನ್‌ಬೋರ್ಡ್ ಡಿಸೈನ್ ಮಾಡೋದು ನನ್ನ ಕಸುಬು, ಅಕ್ಷರ ಎಷ್ಟು ದಪ್ಪ, ಎಷ್ಟು ದೂರಕ್ಕೆ ಕಾಣ್ಬೇಕು ಅಂತೆಲ್ಲ ಲೆಕ್ಕ ಹಾಕ್ತೀನಿ, ಆದ್ರೆ ಬೋರ್ಡು ಅನ್ನೋದು ಅಲ್ಲಿದ್ದ ಒಬ್ಬ ಮನುಷ್ಯನ ಕೆಲಸ ಕಿತ್ಕೊಳ್ಳುತ್ತೆ ಅಂತ ಯಾವತ್ತೂ ಹೊಳೆದಿರ್ಲಿಲ್ಲ. ಬಂದವರು ಯಾರು, ಯಾವ ಕುಲ, ಯಾವ ಹೊತ್ತು, ಮನೇಲಿ ಸೂತಕ ಇದೆಯಾ ಇಲ್ವಾ, ಇದೆಲ್ಲ ನೋಡಿ ಎಷ್ಟು ದೂರ ಕರ್ಕೊಂಡು ಹೋಗ್ಬೇಕು ಎಷ್ಟು ಕಥೆ ಹೇಳ್ಬೇಕು ಅಂತ ಅಜ್ಜ ನಿರ್ಧಾರ ಮಾಡ್ತಿದ್ರು. ನಮ್ಮ ಡ್ರಾಯಿಂಗಲ್ಲಿ ಆ ನಿರ್ಧಾರಕ್ಕೆ ಜಾಗನೇ ಇರ್ಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ, ನಮ್ಮ ಸ್ಟುಡಿಯೋದಲ್ಲೂ ಎದ್ದಿತ್ತು. ಸೋಲಿಗರ ಪವಿತ್ರ ಜಾಗಗಳ ನಕ್ಷೆ ಈಗಾಗ್ಲೇ ಆಗಿದೆಯಲ್ಲ? ಹೌದು, ಸೋಲಿಗರೇ ಸಂಶೋಧಕರ ಜೊತೆ ಸೇರಿ ಜಿಪಿಎಸ್ ಹಿಡ್ಕೊಂಡು ಕಾಡೆಲ್ಲ ನಡೆದು ನಾನೂರಕ್ಕೂ ಹೆಚ್ಚು ಜಾಗ ಗುರುತು ಮಾಡಿದ್ರು. ಈ ಕಾಡಲ್ಲಿ ನಾವು ಇದ್ವಿ, ಇದೀವಿ ಅಂತ ತೋರಿಸೋಕೆ ಅಂಥ ನಕ್ಷೆ ದೊಡ್ಡ ಬಲ ಆಯ್ತು. ಹಾಗಾದ್ರೆ ನಮ್ಮದರಲ್ಲಿ ಏನ್ ತಪ್ಪು ಅಂತ ನಮ್ಮ ಜೂನಿಯರ್ ಒಬ್ಬಳು ಕೇಳಿದ್ಲು, ಒಳ್ಳೇ ಪ್ರಶ್ನೆನೇ. ಯೋಚನೆ ಮಾಡ್ತಾ ಹೋದ್ರೆ, ಜಾಗ ಅದೇ, ಚುಕ್ಕಿ ಅದೇ, ಕೈ ಬೇರೆ. ಆ ನಕ್ಷೆ ಅವರು ತಮ್ಮ ಹಕ್ಕಿಗೆ ಅಂತ ಮಾಡಿದ್ದು, ಏನು ತೋರಿಸ್ಬೇಕು ಏನು ಬಿಡ್ಬೇಕು ಅನ್ನೋದು ಅವರ ಕೈಲಿತ್ತು. ನಮ್ಮದು ಶನಿವಾರ ಭಾನುವಾರ ಕಾರಲ್ಲಿ ಬರೋರಿಗೆ ಮಾಡಿದ್ದು.

ಏನೇನು ಪ್ರಯತ್ನ ಮಾಡಿದ್ವಿ

ಸ್ಟುಡಿಯೋದಲ್ಲಿ ಎರಡು ದಿನ ಜಗಳನೇ ಆಯ್ತು ಅನ್ನಿ. ಒಬ್ರು ಕೆಲಸ ಬಿಟ್ಬಿಡೋಣ ಅಂದ್ರು. ಇನ್ನೊಬ್ರು ಜಾಗದ ಹೆಸರು ಹೇಳದೇ ಬರೀ ಚಿಹ್ನೆ ಹಾಕೋಣ, ಅಮೂರ್ತವಾಗಿರ್ಲಿ ಅಂದ್ರು. ನನಗೆ ಎರಡೂ ಸರಿ ಕಾಣ್ಲಿಲ್ಲ. ಬಿಟ್ರೆ ಇನ್ಯಾರೋ ಬಂದು ಅದೇ ಬೋರ್ಡು ಹಾಕ್ತಾರೆ, ಚಿಹ್ನೆ ಹಾಕಿದ್ರೂ ದಾರಿ ಅಲ್ಲಿಗೇ ಹೋಗುತ್ತೆ. ಕೊನೆಗೆ ಬ್ರೀಫನ್ನೇ ವಾಪಸ್ ಮಾಡೋಣ ಅಂತ ಆಯ್ತು, ವಾಪಸ್ ಅಂದ್ರೆ ಕಂಪನಿಗಲ್ಲ, ಪೋಡಿನ ಗ್ರಾಮಸಭೆಗೆ. ನಿಮಗೆ ಏನಾದ್ರೂ ಬೇಕಾ, ಬೇಕಂದ್ರೆ ಏನು, ಏನೂ ಬೇಡ ಅಂದ್ರೂ ಆಯ್ತು ಅಂತ ಕೇಳೋದು.

ಆಗ ಗೊತ್ತಾಗಿದ್ದು, ನಾವು ಇಷ್ಟು ದಿನ ಸರಿಯಾದ ಬಾಗಿಲೇ ತಟ್ಟಿರ್ಲಿಲ್ಲ. ನಮ್ಮ ಫೈಲಲ್ಲಿ ಇದ್ದಿದ್ದು ಗ್ರಾಮ ಪಂಚಾಯ್ತಿ ಪತ್ರ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಅಂದ್ರೆ ಆ ಊರಿನ ವಯಸ್ಕರೆಲ್ಲ ಸೇರೋ ಸಭೆ, 2012ರ ತಿದ್ದುಪಡಿ ಆದ್ಮೇಲೆ ಕೋರಂಗೆ ಕನಿಷ್ಠ ಅರ್ಧದಷ್ಟು ಸದಸ್ಯರಿರ್ಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲಾದ್ರೂ ಹೆಂಗಸರಿರ್ಬೇಕು. ನಮ್ಮ ಪ್ರೊಜೆಕ್ಟರ್ ಸಭೆಯಲ್ಲಿ ಹೆಂಗಸರು ಇದ್ದಿದ್ದು ನಾಲ್ಕೈದು ಜನ, ಅದೂ ಟೀ ಕೊಡೋಕೆ. ಕಟ್ಟಡದ್ದೂ ಅಷ್ಟೇ. ಕಾಡಿನ ಜಮೀನಲ್ಲಿ ಸಮುದಾಯ ಭವನ ಕಟ್ಟಬೇಕಂದ್ರೆ ಅದೇ ಕಾಯ್ದೆಯ ಸೆಕ್ಷನ್ 3(2) ಇದೆ: ಜಾಗ ಒಂದು ಹೆಕ್ಟೇರ್ ಒಳಗಿರ್ಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯೋ ಹಾಗಿಲ್ಲ, ಗ್ರಾಮಸಭೆ ಶಿಫಾರಸು ಬೇಕೇ ಬೇಕು, ಆ ಸೌಲಭ್ಯ ಸರ್ಕಾರದ ನಿರ್ವಹಣೆಯಲ್ಲಿರ್ಬೇಕು. ಅಂದ್ರೆ ದುಡ್ಡು ಖಾಸಗಿಯವರದ್ದಾದ್ರೂ ಅರ್ಜಿ ಇಲಾಖೆ ಮೂಲಕನೇ ಹೋಗ್ಬೇಕು. ಇದನ್ನ ಯಾರೂ ನಮಗೆ ಹೇಳಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ.

ಕಂಪನಿಯವರಿಗೆ ಸಮಯ ಬೇಕು ಅಂದ್ರೆ ಮಾರ್ಚ್ 31 ಅಂದ್ರು. ದುಡ್ಡು ಆ ವರ್ಷ ಖರ್ಚಾಗ್ದಿದ್ರೆ ಹೋಯ್ತು, ಎಲ್ಲಾ ಕಡೆ ಇದೇ ಮಾತು. ನಮ್ಮ ಪುಣ್ಯಕ್ಕೆ ಗೊತ್ತಿದ್ದ ಆಡಿಟರ್ ಒಬ್ರು ದಾರಿ ತೋರಿಸಿದ್ರು. 2021ರ ಜನವರಿಯಿಂದ ಜಾರಿಗೆ ಬಂದ ನಿಯಮದಲ್ಲಿ, ನಡೀತಿರೋ ಪ್ರಾಜೆಕ್ಟ್ ಅಂತ ಗುರುತಿಸಿದ್ರೆ ಉಳಿದ ದುಡ್ಡನ್ನ ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷದೊಳಗೆ ಖರ್ಚು ಮಾಡಬಹುದು. ಕಂಪನಿಯವರು ಗೊಣಗಿಕೊಂಡೇ ಒಪ್ಪಿದ್ರು. ಮಾತುಕತೆ, ಒಪ್ಪಿಗೆ, ಗೌರವ ಅಂತ ನಾವೆಷ್ಟೇ ಹೇಳಿದ್ರೂ ಕೈಯಲ್ಲಿ ಕ್ಯಾಲೆಂಡರ್ ಇಲ್ದಿದ್ರೆ ಅದೆಲ್ಲ ಬರೀ ಬಾಯಿ ಮಾತು, ಈ ಕೆಲಸದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಡಿಸೈನ್ ಓದಿದ್ದಲ್ಲ, ಆ ಒಂದು ನಿಯಮ.

ಆಮೇಲಿಂದ ಸಭೆಗಳು ಸಂಜೆ ಹೊತ್ತು, ಕೂಲಿ ಮುಗಿಸಿ ಬಂದ್ಮೇಲೆ, ಪ್ರೊಜೆಕ್ಟರ್ ಇಲ್ದೇ. ಮೊದಲನೇ ಸಭೆಗೆ ಕೋರಂ ಆಗ್ಲಿಲ್ಲ, ಎರಡನೇದಕ್ಕೆ ಸಾವಾಗಿತ್ತು, ಮೂರನೇದು ನಡೀತು. ದಾರಿ ಬೇಡ ಅನ್ನೋದು ಹತ್ತು ನಿಮಿಷದಲ್ಲಿ ತೀರ್ಮಾನ ಆಗುತ್ತೆ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಹುಡುಗರಲ್ಲಿ ಕೆಲವರಿಗೆ ದಾರಿ ಬೇಕಿತ್ತು. ಗೈಡ್ ಕೆಲಸ ಸಿಗುತ್ತೆ, ಕಾಫಿ ತೋಟಕ್ಕೆ ಕೂಲಿಗೆ ಹೋಗೋದು ತಪ್ಪುತ್ತೆ ಅಂತ. ನಮ್ಮ ಕಥೆ ಹೇಳಿ ರೆಸಾರ್ಟಿನವರು ದುಡ್ಡು ಮಾಡ್ತಾರೆ, ನಾವು ಮಾಡಿದ್ರೆ ತಪ್ಪಾ ಅಂತ ಒಬ್ಬ ಜೋರಾಗೇ ಕೇಳ್ದ. ಆ ಮಾತಿಗೆ ಸಭೆಯಲ್ಲಿ ಯಾರತ್ರನೂ ಉತ್ತರ ಇರ್ಲಿಲ್ಲ, ನನ್ನತ್ರನೂ ಇಲ್ಲ. ಸಮುದಾಯ ಸಮುದಾಯ ಅಂತ ನಾವು ಒಂದೇ ಬಾಯಿ ಇದ್ದಂಗೆ ಮಾತಾಡ್ತೀವಿ, ಅಲ್ಲಿ ಮೂವತ್ತು ಮನೆ ಇದ್ರೆ ಮೂವತ್ತು ಲೆಕ್ಕಾಚಾರ ಇರ್ತವೆ. ನಾವು ಮಾಡಬಹುದಾಗಿದ್ದು ಒಂದೇ, ಯಾವ ಕಡೆನೂ ವಾಲದೇ ಕೂತು ಕೇಳೋದು. ನಾಲ್ಕನೇ ಸಭೆಯಲ್ಲಿ ತೀರ್ಮಾನ ಆಯ್ತು, ಬೋರ್ಡು ಬೇಡ, ನಕ್ಷೆ ಹೊರಗೆ ಹೋಗೋದು ಬೇಡ, ಹುಡುಗರು ಜನ ಕರ್ಕೊಂಡು ಹೋಗೋದಾದ್ರೆ ಎಲ್ಲಿತನಕ ಅಂತ ಹಿರಿಯರು ಹೇಳ್ತಾರೆ.

ಕಟ್ಟಡ ಮಾತ್ರ ಬೇಕು ಅಂದ್ರು. ಸಂಸ್ಕೃತಿ ಕೇಂದ್ರ ಅನ್ನೋ ಹೆಸರು ಬೇಡ. ಮದ್ವೆಗೆ, ಸಾವಿಗೆ, ಸಭೆಗೆ ಮಳೇಲಿ ನೆನೀದೇ ಕೂರೋ ಜಾಗ, ರೇಷನ್ ಅಕ್ಕಿ ಇಡೋ ಜಾಗ. ಕೊನೇಲಿ ಒಬ್ಬ ಅಕ್ಕ ಎದ್ದು "ಪತ್ರ ಇಡಾಕೆ ಒಂದ್ ಪೆಟ್ಗೆ ಬೇಕು" ಅಂದ್ರು. 2011ರ ಹಕ್ಕು ಪತ್ರ ಅಷ್ಟು ವರ್ಷ ಒಬ್ರ ಮನೆ ಅಟ್ಟದ ಮೇಲೆ ಸಕ್ಕರೆ ಕವರಲ್ಲಿ ಸುತ್ತಿಟ್ಟಿತ್ತು. ತಂದು ತೋರಿಸಿದ್ರು, ಒಂದು ಮೂಲೆ ಗೆದ್ದಲು ತಿಂದಿತ್ತು. ಸಂಸ್ಕೃತಿ ಉಳಿಸ್ತೀವಿ ಅಂತ ಹೊರಟಿದ್ದ ನಮ್ಮ ಡ್ರಾಯಿಂಗಲ್ಲಿ ಆ ಕಾಗದಕ್ಕೆ ಒಂದು ಗೂಡೂ ಇರ್ಲಿಲ್ಲ ಅನ್ನೋದು ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೇಲಿ ಸಂಕಟ ಆಗುತ್ತೆ.

ಬೂದಿ, ಹಗ್ಗ, ಹಂಚು

ಪ್ಲಾನ್ ಓದೋಕೆ ಬರಲ್ಲ ಅಂತ ನಾವು ಅವರನ್ನ ಅನ್ನೋದು ಸರಿಯಲ್ಲ, ಅವರಿಗೆ ನೆಲ ಓದೋಕೆ ಬರುತ್ತೆ. ಹಾಗಾಗಿ ನೆಲದ ಮೇಲೇ ಪೂರ್ತಿ ಅಳತೆಗೆ ಹಗ್ಗ ಎಳೆದು ಒಲೆ ಬೂದಿ ಸುರಿದು ಗೆರೆ ಹಾಕಿದ್ವಿ. ಹೆಂಗಸರು ಒಳಗೆ ಬಂದು ನಿಂತ್ರು, ಕೂತ್ರು, ಮಗು ಮಲಗಿಸಿ ನೋಡಿದ್ರು. ಅರ್ಧ ಗಂಟೇಲಿ ನಮ್ಮ ಪ್ಲಾನ್ ತಿರುಗಿಹೋಯ್ತು. ರಸ್ತೆಗೆ ಕಾಣೋ ಹಾಗೆ ಉದ್ದಕ್ಕೆ ಇಟ್ಟಿದ್ವಿ, ಅದು ಆನೆ ದಾಟೋ ಜಾಡಿಗೆ ಅಡ್ಡ. ಅಕ್ಕಿ ಕೋಣೆ ಹಲಸಿನ ಮರದ ಕಡೆಗಿತ್ತು, ಹಲಸು ಹಣ್ಣಾದಾಗ ಆನೆ ಬಂದೇ ಬರುತ್ತೆ, ಪಕ್ಕದಲ್ಲೇ ಅಕ್ಕಿ ವಾಸನೆ ಹೊಡೆದ್ರೆ ಗೋಡೆ ಉಳಿಯುತ್ತಾ? ಮರ ಕಡಿಯೋಣ ಅಂತ ಯಾರೂ ಅನ್ನಲಿಲ್ಲ, ಕಟ್ಟಡನ ಹತ್ತೊಂಬತ್ತು ಹೆಜ್ಜೆ ಈಚೆಗೆ ಎಳೆದ್ರು. ಒಬ್ಬ ಅಜ್ಜಿ ಕಾಲಲ್ಲೇ ಬೂದಿ ಗೆರೆ ಅಳಿಸಿ ಬಾಗಿಲಿನ ದಿಕ್ಕು ಬದಲಾಯಿಸಿದ್ರು.

ಹುಲ್ಲಿನ ಮಾಡು ಬೇಡ ಅಂದಾಗ ನನಗೆ ಸ್ವಲ್ಪ ಬೇಜಾರಾಗಿದ್ದು ನಿಜ. ಯಾಕೆ ಬೇಡ ಅಂತ ಕೇಳಿದ್ರೆ, ಹುಲ್ಲು ಎಲ್ಲಿಂದ ತರ್ತೀರಾ, ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸೋರು ಯಾರು, ಒಲೆ ಕಿಡಿ ಹಾರಿದ್ರೆ ಏನ್ ಮಾಡೋದು, ಎಲ್ಲಾ ನ್ಯಾಯವಾದ ಪ್ರಶ್ನೆ. "ಹಳೇದು ಕಾಣ್ಬೇಕು" ಅನ್ನೋದು ಅವರ ಆಸೆ ಆಗಿರ್ಲಿಲ್ಲ, ನನ್ನದು. ಮಂಗಳೂರು ಹಂಚು, ಕಲ್ಲಿನ ತಳಪಾಯ, ಮೂರು ಕಡೆ ತೆರೆದ ಜಗಲಿ ಅಂತ ಆಯ್ತು. ಸೊಂಟದೆತ್ತರದ ತಡಿಕೆಗೆ ಲಾಂಟಾನ ಅಂದಿದ್ದು ಅವರೇ. ಈ ಭಾಗದಲ್ಲಿ ಲಾಂಟಾನ ಕಡ್ಡಿಯಿಂದ ಬುಟ್ಟಿ ಕುರ್ಚಿ ಮಾಡೋ ಕೆಲಸ ಕಲಿತವರಿದ್ದಾರೆ, ಕಡ್ಡೀನ ದೊಡ್ಡ ಹಂಡೇಲಿ ಬೇಯಿಸಿ ಸಿಪ್ಪೆ ಸುಲಿದು ಮೆತ್ತಗಿರೋವಾಗ್ಲೇ ಬಗ್ಗಿಸ್ತಾರೆ. ಕಾಡನ್ನ ತಿಂತಿರೋ ಗಿಡ ಹೀಗಾದ್ರೂ ಕಮ್ಮಿ ಆಗ್ಲಿ ಅಂದ್ರು. ತಡಿಕೆಯ ಗೂಟ ನೆಡುವಾಗ ಬುಡ ಸುಟ್ಟು ನೆಡಿ ಅಂತ ಅಜ್ಜ ಹೇಳಿದ್ರು, ಮೇಸ್ತ್ರಿ ಆತುರದಲ್ಲಿ ಒಂದು ಸಾಲು ಹಾಗೇ ನೆಟ್ಟ, ನಾನು ಅವತ್ತು ಸೈಟಲ್ಲಿದ್ದೂ ಸುಮ್ನಿದ್ದೆ. ಒಂದು ಮಳೆಗಾಲ ಕಳೆಯೋದ್ರೊಳಗೆ ಅದೊಂದು ಸಾಲಿಗೆ ಗೆದ್ದಲು ಹತ್ತಿ ನಮ್ಮ ಖರ್ಚಲ್ಲಿ ಬದಲಾಯಿಸಿದ್ವಿ.

ದುಡ್ಡಿನ ಮಾತು ಬಿಡೋ ಹಾಗಿಲ್ಲ. ಆರ್ಕಿಟೆಕ್ಟ್ ಫೀ ಸಾಮಾನ್ಯವಾಗಿ ಕಟ್ಟಡದ ವೆಚ್ಚದ ಮೇಲೆ ಪರ್ಸೆಂಟ್. ಕಟ್ಟಡ ದೊಡ್ಡದಾದಷ್ಟೂ ನಮಗೆ ಲಾಭ, ಕೂತು ಕೇಳೋ ತಿಂಗಳುಗಳಿಗೆ ಕಾಸಿಲ್ಲ, "ಏನೂ ಕಟ್ಟಬೇಡಿ" ಅನ್ನೋ ಉತ್ತರ ಬಂದ್ರೆ ಸ್ಟುಡಿಯೋ ಬಾಡಿಗೆ ಕಟ್ಟೋಕಾಗಲ್ಲ. ಇಂಥ ಲೆಕ್ಕದಲ್ಲಿ ಗೌರವ ಎಲ್ಲಿಂದ ಬರ್ಬೇಕು? ಮಧ್ಯದಲ್ಲೇ ಕರಾರು ಬದಲಾಯಿಸೋಕೆ ಕೇಳ್ಕೊಂಡ್ವಿ, ಮಾತುಕತೆ ಹಂತಕ್ಕೆ ಒಂದು ನಿಗದಿ ಮೊತ್ತ, ಫಲಿತಾಂಶ ಏನೇ ಬರ್ಲಿ. ಹಿರಿಯರ, ಹೆಂಗಸರ ಸಮಯಕ್ಕೆ ದಿನಗೂಲಿಗಿಂತ ಹೆಚ್ಚಿನ ಸಲಹಾ ಶುಲ್ಕ, ಅದನ್ನ ಎಸ್ಟಿಮೇಟಲ್ಲೇ ಬೇರೆ ಸಾಲಾಗಿ ಬರೆದ್ವಿ. ಸರ್ವೆಯರ್‌ಗೆ ಕೊಡ್ತೀವಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕೊಡ್ತೀವಿ, ಆನೆ ಜಾಡು ಹೇಳಿ ಕಟ್ಟಡ ಉಳಿಸಿದವರಿಗೆ ಬರೀ ಶಾಲು ಹೊದಿಸಿ ಕಳಿಸೋದು ಯಾವ ನ್ಯಾಯ.

ಇನ್ನೊಂದು ಕಾಗದ ಮಾಡಿದ್ವಿ, ಒಂದೇ ಪುಟ, ಕನ್ನಡದಲ್ಲಿ, ಸಭೆಯಲ್ಲಿ ಗಟ್ಟಿಯಾಗಿ ಓದಿದ್ದು. ಇದು ಯಾಕೆ ಬೇಕಾಯ್ತು ಅಂದ್ರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅಜ್ಜ ಹೇಳಿದ್ದನ್ನ ನಾನು ಚಿತ್ರ ಬರೆದ್ರೆ ಆ ಚಿತ್ರದ ಕರ್ತೃ ನಾನು, ನಾನು ಬದುಕಿರೋವರೆಗೂ, ಆಮೇಲೆ 60 ವರ್ಷನೂ ಅದರ ಹಕ್ಕು ನನ್ನ ಕಡೆಯವರದ್ದು. ಪೆನ್ಸಿಲ್ ಹಿಡಿದಿದ್ದಕ್ಕೆ ಇಷ್ಟು. ತಲೆಮಾರುಗಳಿಂದ ನೆನಪಿಟ್ಟವರಿಗೆ ಅದರಲ್ಲಿ ಏನೂ ಇಲ್ಲ. ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಅಡಿ ಜೀವವೈವಿಧ್ಯ ಮತ್ತು ಸಂಸ್ಕೃತಿಗೆ ಸಂಬಂಧಪಟ್ಟ ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೆ ಬೌದ್ಧಿಕ ಹಕ್ಕು ಇದೆ ಅಂತ ಹೇಳುತ್ತೆ, ವಿಶ್ವಸಂಸ್ಥೆಯ 2007ರ ಘೋಷಣೆಯ 31ನೇ ವಿಧಿನೂ ಅದನ್ನೇ ಹೇಳುತ್ತೆ, ಆದ್ರೆ ಸ್ಟುಡಿಯೋದ ಹಾರ್ಡ್ ಡಿಸ್ಕಿಗೆ ಅದು ತಾನಾಗೇ ಬರಲ್ಲ, ಕೈಯಾರೆ ಬರೆದು ಸಹಿ ಹಾಕ್ಬೇಕು. ಆ ಪುಟದಲ್ಲಿ ಬರೆದಿದ್ದು ಇಷ್ಟು: ನಕ್ಷೆ, ಹಾಡಿನ ರೆಕಾರ್ಡಿಂಗ್, ಜಾಗಗಳ ಫೋಟೋ ಎಲ್ಲಾ ಪೋಡಿಗೆ ಸೇರಿದ್ದು, ನಮ್ಮತ್ರ ಪ್ರತಿ ಇರಲ್ಲ. ಕಟ್ಟಡದ ಫೋಟೋ ಎಲ್ಲಾದ್ರೂ ಹಾಕ್ಬೇಕಂದ್ರೆ ಪ್ರತಿ ಸಲ ಕೇಳ್ಬೇಕು. ಒಪ್ಪಿಗೆ ಕೊಟ್ಟ ಮೇಲೂ ವಾಪಸ್ ತಗೋಬಹುದು. ಅಜ್ಜ ಹೆಬ್ಬೆಟ್ಟು ಒತ್ತೋಕೆ ಮುಂಚೆ "ಇದ್ರಲ್ಲಿ ನಿಂಗೇನ್ ಸಿಕ್ತು?" ಅಂತ ಕೇಳಿದ್ರು. ಕಟ್ಟಡದ ಡ್ರಾಯಿಂಗ್ ನನ್ನದೇ ಇರುತ್ತೆ ಅಜ್ಜ ಅಂದೆ. "ಅದ್ ಇಟ್ಕೋ" ಅಂದ್ರು.

ಏನಾಯ್ತು

ಮೊದಲ ಭೇಟಿಯಿಂದ ಕಟ್ಟಡ ಮುಗಿಯೋಕೆ ಎರಡೂವರೆ ವರ್ಷ ಹಿಡೀತು, ಅಂದ್ಕೊಂಡಿದ್ದು ಎಂಟು ತಿಂಗಳು. ಬೋರ್ಡು, ದಾರಿ, ಲೋಗೋ ಮೂರಕ್ಕೂ ಇಟ್ಟಿದ್ದ ದುಡ್ಡು ಕಂಪನಿ ವಾಪಸ್ ತಗೊಂತು, ನಮ್ಮ ಫೀಯಲ್ಲೂ ಅಷ್ಟು ಕಡಿತ. ಉದ್ಘಾಟನೆಗೆ ಹಾಕೋಕೆ ಅವರಿಗೆ ದೊಡ್ಡ ಫಲಕ ಬೇಕಿತ್ತು, ಗ್ರಾಮಸಭೆ ಬಾಗಿಲ ಪಕ್ಕ ಒಂದಡಿ ಕಲ್ಲಿಗೆ ಒಪ್ಪಿತು. ಆ ಕಂಪನಿ ಮತ್ತೆ ನಮಗೆ ಕೆಲಸ ಕೊಟ್ಟಿಲ್ಲ.

ಪೋಡಿನವರು ಟೇಪ್ ಕತ್ತರಿಸೋ ದಿನಕ್ಕಿಂತ ಮುಂಚೆನೇ ತಮ್ಮ ಪಾಡಿಗೆ ಪೂಜೆ ಮಾಡಿ ಒಳಗೆ ಹೋಗಿದ್ರು. ನಮಗೆ ಮರುದಿನ ಫೋನಲ್ಲಿ ಹೇಳಿದ್ರು, ನನಗೆ ಅದು ತುಂಬಾ ಸಮಾಧಾನ ಕೊಟ್ಟ ಫೋನು. ಯೆಲ್ಲೆಗಳ ನಕ್ಷೇನ ಹಿರಿಯರು ಹೇಳ್ತಾ ಹೋದ ಹಾಗೆ ಶಾಲೆ ಮಕ್ಕಳು ಬಟ್ಟೆ ಮೇಲೆ ಬರೆದ್ರು, ನಾವು ಬಣ್ಣ, ಬಟ್ಟೆ ತಂದುಕೊಟ್ಟಿದ್ದು ಬಿಟ್ರೆ ಮುಟ್ಟಿಲ್ಲ, ಅದರಲ್ಲಿ ಏನೇನಿದೆ ಅಂತ ನಾನು ನೋಡೂ ಇಲ್ಲ.

ಆಸ್ಟ್ರೇಲಿಯಾ ಕಡೆಯಿಂದ ಬಂದ ಇಂಟರ್‌ನ್ಯಾಷನಲ್ ಇಂಡಿಜಿನಸ್ ಡಿಸೈನ್ ಚಾರ್ಟರ್ ಅಂತ ಒಂದಿದೆ, ಮೂಲನಿವಾಸಿಗಳೇ ಮುಂದಾಳತ್ವ ವಹಿಸ್ಬೇಕು ಅನ್ನೋದು ಅದರ ಮೊದಲ ಮಾತು. ನ್ಯೂಜಿಲೆಂಡಲ್ಲಿ ಮಾವೊರಿಗಳ ತೆ ಅರಂಗ ವಿನ್ಯಾಸ ತತ್ವಗಳಿವೆ. ಇದನ್ನೆಲ್ಲ ಕೆಲಸ ಶುರು ಮಾಡೋಕೆ ಮುಂಚೆನೇ ನಾನು ಓದಿದ್ದೆ, ಪ್ರಸ್ತಾವನೆಯಲ್ಲಿ ಚೆನ್ನಾಗೇ ಬರೆದೂ ಇದ್ದೆ. ಅಷ್ಟೆಲ್ಲಾ ಓದಿದವನೇ ಗೋಡೆ ಮೇಲೆ ವಾರ್ಲಿ ಬಿಡಿಸಿ ಮೌನಕ್ಕೆ ಒಪ್ಪಿಗೆ ಅಂತ ಬರ್ಕೊಂಡು ಬಂದಿದ್ದು. ಆದಿವಾಸಿ ಊರಿನ ಕೆಲಸಕ್ಕೆ ಹೊರಡೋರು ನಮ್ಮ ಹತ್ರ ಸಲಹೆ ಕೇಳಿದ್ರೆ ಈಗ ತತ್ವದ ಮಾತು ಆಡಲ್ಲ, ನಿಮ್ಮ ಕರಾರಲ್ಲಿ "ಬೇಡ" ಅನ್ನೋ ಉತ್ತರಕ್ಕೆ ದುಡ್ಡು ಮತ್ತೆ ಸಮಯ ಎರಡೂ ಇದೆಯಾ ನೋಡಿ, ಇಲ್ಲಾಂದ್ರೆ ಹೋಗೋಕೆ ಮುಂಚೆ ಅದನ್ನ ಸೇರಿಸಿ ಅಂತೀನಿ. ಸೇರಿಸೋಕೆ ದುಡ್ಡು ಕೊಡೋರು ಒಪ್ಪದೇ ಇದ್ರೆ ಆ ಕೆಲಸ ತಗೋಬೇಡಿ.

ಗೈಡ್ ಕೆಲಸದ ವಿಷಯ ಇನ್ನೂ ಬಗೆಹರಿದಿಲ್ಲ. ಮೂರು ಜನ ಹುಡುಗರು ಆಗಾಗ ಸಣ್ಣ ಗುಂಪು ಕರ್ಕೊಂಡು ಪೋಡಿನ ಹೊಲ, ಹಲಸಿನ ಮರ, ಅಲ್ಲಿಂದ ಹೊಳೆತನಕ ಹೋಗಿ ವಾಪಸ್ ಬರ್ತಾರೆ, ಅದರಿಂದ ಬರೋ ದುಡ್ಡು ಸಾಲಲ್ಲ, ಇಬ್ಬರು ಬೇಸತ್ತು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋದ್ರು. ಮೊದಲ ದಿನ ಚಿತ್ರ ಯಾರದ್ದು ಅಂತ ಕೇಳಿದ್ನಲ್ಲ, ಆ ಹುಡುಗ ಈಗ ಅರಣ್ಯ ಹಕ್ಕು ಸಮಿತಿಯಲ್ಲಿದ್ದಾನೆ.

ಹೋದ ತಿಂಗಳು ಹಂಚು ನೋಡೋಕೆ ಅಂತ ಹೋಗಿದ್ದೆ. ಮಳೆ ಹೊಡೀತಿತ್ತು, ಜಗಲಿ ತುಂಬಾ ರಾಗಿ ಹರವಿದ್ರು, ಕೂರೋಕೆ ಜಾಗ ಇರ್ಲಿಲ್ಲ. ಹಕ್ಕು ಪತ್ರ ಇಟ್ಟ ಕಬ್ಬಿಣದ ಪೆಟ್ಟಿಗೆಗೆ ಎರಡು ಬೀಗ, ಒಂದು ಕೀ ಯಜಮಾನ್ರ ಹತ್ರ, ಇನ್ನೊಂದು ಪೆಟ್ಟಿಗೆ ಬೇಕು ಅಂದಿದ್ದ ಆ ಅಕ್ಕನ ಹತ್ರ. ಬಟ್ಟೆ ನಕ್ಷೆನೂ ಅದರೊಳಗೇ ಇದೆಯಂತೆ. ಅಜ್ಜ ಒಲೆ ಹತ್ರ ಕೂತಿದ್ರು, ನನ್ನ ನೋಡಿ "ಚಪ್ಲಿ ಆಚೆ ಬುಟ್ಯಾ?" ಅಂದ್ರು. ಬಿಟ್ಟಿದ್ದೆ.